ಶಾಸ್ತ್ರವನ್ನು ಬರೆದ ಕೈಗಳು

ಚಿಕ್ಕಬಳ್ಳಾಪುರದಿಂದ ನಂದಿಗೆ ಹೋಗುವವರು ಭೋಗನಂದೀಶ್ವರ ದೇವಾಲಯವನ್ನು ನೋಡಿ, ನಂದಿಬೆಟ್ಟವನ್ನೇರಿ ಹಿಂದಿರುಗುವುದು ವಾಡಿಕೆ. ಸಮೀಪದ ಗೋಪಿನಾಥ ಬೆಟ್ಟದ ಕಡೆಗೆ ಹೆಜ್ಜೆ ಹಾಕುವವರು ವಿರಳ. ಆ ಬೆಟ್ಟದಲ್ಲಿ ಗಂಗರ ಕಾಲದ ಒಂದು ಜೈನ ಶಾಸನವಿದೆ. ಬಿ. ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಹತ್ತನೆಯ ಸಂಪುಟದಲ್ಲಿ, ಅಂದರೆ ಅಂದಿನ ಕೋಲಾರ ಜಿಲ್ಲೆಯ ಸಂಪುಟದಲ್ಲಿ, ಅದು ಚಿಕ್ಕಬಳ್ಳಾಪುರ ತಾಲ್ಲೂಕಿನ 29ನೆಯ ಶಾಸನವಾಗಿ ಅಚ್ಚಾಗಿದೆ. ಅದರ ಕಾಲ ಸುಮಾರು ಕ್ರಿ.ಶ. 750 ಎಂದು ರೈಸರು ನಿರ್ಣಯಿಸಿದರು. ಈ ಬೆಟ್ಟದ ಅರ್ಹಂತರ ಚೈತ್ಯವನ್ನು ದಶರಥನ ಮಗನಾದ ರಾಮನು ಸ್ಥಾಪಿಸಿದನೆಂದೂ, ಪಾಂಡವರ ತಾಯಿಯಾದ ಕುಂತಿಯು ಅದನ್ನು ಪುನಃ ಕಟ್ಟಿಸಿದಳೆಂದೂ ಆ ಶಾಸನ ಹೇಳುತ್ತದೆ.

ಇತಿಹಾಸಕಾರನು ಈ ಮಾತನ್ನು ಅಕ್ಷರಶಃ ಒಪ್ಪಲಾರನು. ಆದರೆ ಇದನ್ನು ರಚಿಸಿದವನ ಮನಸ್ಸನ್ನು ಅರಿಯಲು ಅಷ್ಟು ಸಾಕು. ಅವನಿಗೆ ತನ್ನ ಕ್ಷೇತ್ರವು ಪುರಾತನವಾಗಿರಬೇಕಾಗಿತ್ತು, ಪೂಜ್ಯವಾಗಿರಬೇಕಾಗಿತ್ತು. ಶಾಸನದಲ್ಲಿ ರಾಮನ ಹೆಸರಿದೆ, ಕುಂತಿಯ ಹೆಸರಿದೆ. ಅಕ್ಷರಗಳನ್ನು ಜೋಡಿಸಿ ಬಂಡೆಗೆ ಒಪ್ಪಿಸಿದವನ ಹೆಸರು ಮಾತ್ರ ಇಂದು ಚಿಕ್ಕಬಳ್ಳಾಪುರದಲ್ಲಿಯೂ ಯಾರ ನಾಲಿಗೆಯ ಮೇಲೂ ಇಲ್ಲ. ಹನ್ನೆರಡು ನೂರಕ್ಕೂ ಹೆಚ್ಚು ವರ್ಷಗಳ ನಂತರ ಓದಿಸಿಕೊಳ್ಳುವ ಬರಹವೊಂದನ್ನು ಬಿಟ್ಟು ಹೋದವನಿಗೆ ಅದರಿಂದ ದೊರೆತದ್ದೇನು? ಕೀರ್ತಿಯಲ್ಲ. ಹಣ ದೊರೆತಿದ್ದರೂ ಅದು ಅಂದಿಗೇ ತೀರಿಹೋಯಿತು.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಈ ನಾಲ್ಕೂ ಪೇಟೆಯ ಊರುಗಳು. ರೇಷ್ಮೆಗೂಡು, ತರಕಾರಿ, ಧಾನ್ಯ ಇವುಗಳ ಧಾರಣೆಯನ್ನು ಕೇಳದೆ ಇಲ್ಲಿ ಬೆಳಗಾಗುವುದಿಲ್ಲ. ಇಂತಹ ಊರುಗಳಲ್ಲಿ ಒಬ್ಬ ಶ್ರಾವಕನು ಅಂಗಡಿಯ ಬಾಗಿಲು ಹಾಕಿದ ಮೇಲೆ ಕುಳಿತು ತನ್ನ ಊರಿನ ಬಸದಿಯ ಚರಿತ್ರೆಯನ್ನೋ, ಒಂದು ವ್ರತಕಥೆಯನ್ನೋ ಬರೆದರೆ, ಮೊದಲು ಕೇಳಿಬರುವ ಪ್ರಶ್ನೆ ‘ಇದರಿಂದ ಏನು ಬಂತು?’ ಎಂಬುದು. ಪ್ರಶ್ನೆ ತಪ್ಪಲ್ಲ. ವ್ಯಾಪಾರಸ್ಥರ ಮನೆಯಲ್ಲಿ ಜಮಾ ಖರ್ಚು ಕೇಳದಿದ್ದರೆ ಮತ್ತೆಲ್ಲಿ ಕೇಳಬೇಕು? ಆದರೆ ಈ ಲೆಕ್ಕವನ್ನು ಹಿಂದಿನವರು ಹೇಗೆ ಬರೆದಿಟ್ಟರೆಂಬುದನ್ನು ಒಮ್ಮೆ ತೆಗೆದು ನೋಡುವುದು ಯೋಗ್ಯ.

ಮೊದಲು ಒಂದು ಪದದ ವಿಚಾರ. ಇಂದು ‘ಲೇಖಕ’ ಎಂದರೆ ಗ್ರಂಥವನ್ನು ರಚಿಸಿದವನು ಎಂದೇ ಎಲ್ಲರೂ ತಿಳಿಯುತ್ತಾರೆ. ಪ್ರಾಚೀನರ ಬಳಕೆಯಲ್ಲಿ ರಚಿಸಿದವನು ಕವಿ ಅಥವಾ ಗ್ರಂಥಕರ್ತೃ. ಲೇಖಕನೆಂದರೆ ಬರೆಯುವವನು, ಓಲೆಯಿಂದ ಓಲೆಗೆ ಪ್ರತಿ ಮಾಡುವವನು. ಕನ್ನಡ ನಾಡಿನ ಜೈನ ಸಾಹಿತ್ಯದ ಚರಿತ್ರೆಯಲ್ಲಿ ಕವಿಗಳಿಗೆ ಪುಟಗಳು ಮೀಸಲಾಗಿವೆ, ಲೇಖಕರಿಗೆ ಒಂದು ಸಾಲೂ ಸಿಗುವುದು ಕಷ್ಟ. ರನ್ನನು ಮುದುವೊಳಲಿನ ಬಳೆಗಾರ ಕುಲದಲ್ಲಿ ಹುಟ್ಟಿ, ಚಾಲುಕ್ಯ ತೈಲಪನ ಆಸ್ಥಾನದಲ್ಲಿ ಕವಿಚಕ್ರವರ್ತಿಯೆನಿಸಿದನು. (ಚಿಂತಾಮಣಿಯವರಿಗೆ ಈ ಮಾತು ಕೇಳಿದೊಡನೆ ಕೈವಾರದ ನಾರಾಯಣಪ್ಪನವರ ನೆನಪಾದರೆ ಆಶ್ಚರ್ಯವಿಲ್ಲ. ಅವರೂ ಬಳೆ ಮಾರುತ್ತಿದ್ದವರೇ.) ರನ್ನನಿಂದ 993ರಲ್ಲಿ ಅಜಿತಪುರಾಣವನ್ನು ಬರೆಯಿಸಿದ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ಪ್ರತಿಯೊಂದು ಜೈನ ಮನೆಯ ಮಕ್ಕಳಿಗೂ ಗೊತ್ತು. ಸಾವಿರ ಪ್ರತಿಗಳೆಂದರೆ ಸಾವಿರ ಬಾರಿ ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಓಲೆಯ ಮೇಲೆ ಕಂಠದಿಂದ ಕೊರೆಯುವುದು, ಮಸಿ ಸವರುವುದು, ಒರೆಸುವುದು, ಗರಿಗಳನ್ನು ಕ್ರಮವಾಗಿ ಜೋಡಿಸಿ ದಾರ ಪೋಣಿಸುವುದು. ಕವಿಯ ಹೆಸರು ಉಳಿಯಿತು, ದಾನಿಯ ಹೆಸರು ಉಳಿಯಿತು, ಉಳಿಯಬೇಕಾದದ್ದೇ. ಆ ಸಾವಿರ ಕಟ್ಟುಗಳನ್ನು ಬರೆದವರ ಪೈಕಿ ಒಬ್ಬರ ಹೆಸರೂ ಜನರ ನೆನಪಿನಲ್ಲಿಲ್ಲ.

ಅವರಿಗೆ ಕೂಲಿ ದೊರೆಯಲಿಲ್ಲವೆಂದು ಹೇಳಲಾಗದು. ಬರೆಯುವುದನ್ನೇ ವೃತ್ತಿಯಾಗಿ ಮಾಡಿಕೊಂಡ ಮನೆತನಗಳಿದ್ದವು. ಆದರೆ ಹಳೆಯ ಪ್ರತಿಗಳ ಕೊನೆಯಲ್ಲಿ ಲೇಖಕರು ಸೇರಿಸುತ್ತಿದ್ದ ಮಾತುಗಳು ಬೇರೊಂದು ಲೆಕ್ಕವನ್ನೂ ತೋರಿಸುತ್ತವೆ. ಕೆಲವರು ಬೆನ್ನು ಬಾಗಿದ್ದನ್ನು, ಕತ್ತು ನೊಂದದ್ದನ್ನು, ಕಣ್ಣು ಸೋತದ್ದನ್ನು ಹೇಳಿಕೊಂಡು, ಎಣ್ಣೆ ನೀರುಗಳಿಂದ ಗ್ರಂಥವನ್ನು ರಕ್ಷಿಸಬೇಕೆಂದು ಬೇಡುತ್ತಾರೆ. ತಪ್ಪಿದ್ದರೆ ತಿದ್ದಿಕೊಳ್ಳಿರೆಂದು ಪಂಡಿತರನ್ನು ಕೋರುತ್ತಾರೆ. ಇನ್ನು ಕೆಲವರು ಜ್ಞಾನಾವರಣೀಯ ಕರ್ಮದ ಕ್ಷಯಕ್ಕಾಗಿ ಈ ಪ್ರತಿಯನ್ನು ಬರೆದೆವೆಂದು ತಿಳಿಸುತ್ತಾರೆ. ಇದು ಬರಿಯ ಶಿಷ್ಟಾಚಾರದ ಮಾತೆಂದು ತಳ್ಳಿಹಾಕುವವರಿದ್ದಾರೆ. ತಳ್ಳಿಹಾಕುವ ಮೊದಲು ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯವನ್ನು ನೆನೆಯಬೇಕು. ಅಲ್ಲಿ ಸ್ವಾಧ್ಯಾಯವು ಆಭ್ಯಂತರ ತಪಸ್ಸುಗಳಲ್ಲಿ ಸೇರಿದೆ. ತಪಸ್ಸಿನ ಫಲವು ತಪಸ್ಸು ಮಾಡುವಾಗಲೇ ಕೂಡಿಬರುತ್ತದೆ, ಅದಕ್ಕೆ ನೋಡುವವರು ಬೇಕಾಗಿಲ್ಲ. ಒಂದು ಗರಿಯನ್ನು ಗಮನವಿಟ್ಟು ಓದಿ, ಅರ್ಥವನ್ನು ಮನಸ್ಸಿನಲ್ಲಿಟ್ಟುಕೊಂಡು, ಮತ್ತೊಂದು ಗರಿಯ ಮೇಲೆ ತಪ್ಪಿಲ್ಲದೆ ಇಳಿಸುವವನಿಗೆ ಆ ಹೊತ್ತಿನಲ್ಲಿಯೇ ಸಲ್ಲಬೇಕಾದದ್ದು ಸಂದಾಯವಾಗುತ್ತದೆ. ಗ್ರಂಥವನ್ನು ಮುಂದೆ ಯಾರು ಓದುವರು, ಹೊಗಳುವರೋ ತೆಗಳುವರೋ ಎಂಬುದು ಬೇರೆಯ ಖಾತೆ. ಕೀರ್ತಿಯ ಆಸೆ ಮಾನ ಕಷಾಯಕ್ಕೆ ಸೇರಿದ್ದು, ಹಣದ ಆಸೆ ಲೋಭ ಕಷಾಯಕ್ಕೆ ಸೇರಿದ್ದು. ಇವೆರಡನ್ನೂ ಬದಿಗಿಟ್ಟು ಬರೆದವನು ನಷ್ಟದಲ್ಲಿದ್ದಾನೆಂದು ಹೇಳುವುದು ಹೇಗೆ?

ಆದರೆ ಮನುಷ್ಯರ ಬಾಳು ಸೂತ್ರದಷ್ಟು ಸರಳವಾಗಿರುವುದಿಲ್ಲ. ಮೂಡಬಿದಿರೆಯ ಸಿದ್ಧಾಂತ ಗ್ರಂಥಗಳ ಕಥೆಯನ್ನು ಸ್ವಲ್ಪ ವಿಸ್ತಾರವಾಗಿಯೇ ನೋಡಬೇಕು.

ಗಿರಿನಾರದ ಚಂದ್ರಗುಹೆಯಲ್ಲಿ ಧರಸೇನಾಚಾರ್ಯರಿಂದ ಕಲಿತ ಪುಷ್ಪದಂತ ಭೂತಬಲಿಗಳು ಷಟ್ಖಂಡಾಗಮವನ್ನು ಬರೆದಿಟ್ಟ ದಿನವನ್ನು ಶ್ರುತಪಂಚಮಿಯಾಗಿ ಆಚರಿಸುತ್ತೇವೆ. ವೀರಸೇನಾಚಾರ್ಯರು 816ರಲ್ಲಿ ಅದರ ಮೇಲೆ ಧವಲ ಟೀಕೆಯನ್ನು ಮುಗಿಸಿದರು. ಅದರ ಪ್ರಮಾಣ 72,000 ಶ್ಲೋಕ. ಕಷಾಯಪ್ರಾಭೃತದ ಮೇಲಿನ ಜಯಧವಲವನ್ನು ಅವರು ಆರಂಭಿಸಿ, ಅವರ ಶಿಷ್ಯ ಜಿನಸೇನರು 837ರಲ್ಲಿ ಪೂರೈಸಿದರು. ಅದು 60,000 ಶ್ಲೋಕ. ಶ್ಲೋಕವೊಂದಕ್ಕೆ 32 ಅಕ್ಷರದಂತೆ ಗುಣಿಸಿದರೆ ಎರಡೂ ಸೇರಿ 42,24,000 ಅಕ್ಷರಗಳಾಗುತ್ತವೆ. ದಿನಕ್ಕೆ ನೂರು ಶ್ಲೋಕದಂತೆ ಒಂದು ದಿನವೂ ತಪ್ಪದೆ ಬರೆದರೂ ಒಬ್ಬನಿಗೆ 1,320 ದಿನಗಳು ಬೇಕು. ಹನ್ನೆರಡನೆಯ ಶತಮಾನದಲ್ಲಿ ದೇಮಿಯಕ್ಕನೆಂಬ ಶ್ರಾವಿಕೆಯು ಶ್ರುತಪಂಚಮಿ ವ್ರತದ ಉದ್ಯಾಪನೆಗಾಗಿ ಧವಲವನ್ನು ಬರೆಯಿಸಿ ಶುಭಚಂದ್ರ ಸಿದ್ಧಾಂತದೇವರಿಗೆ ಅರ್ಪಿಸಿದಳು. ಮಹಾಬಂಧವನ್ನು ಮಲ್ಲಿಕಬ್ಬೆಯೆಂಬವಳು ಬರೆಯಿಸಿ ಮಾಘನಂದಿ ಮುನಿಗಳಿಗೆ ಕೊಟ್ಟಳು. ಈ ಗ್ರಂಥಗಳ ತಾಳೆಗರಿಗಳು ಮೂಡಬಿದಿರೆಯ ಗುರುಬಸದಿಯಲ್ಲಿ ಉಳಿದುಬಂದವು. ಭಾಷೆ ಪ್ರಾಕೃತ ಸಂಸ್ಕೃತಗಳು, ಲಿಪಿ ಹಳಗನ್ನಡ. ಭಾರತದ ಬೇರೆಲ್ಲಿಯೂ ಪ್ರತಿಯಿಲ್ಲದ ಕಾರಣ ಯಾತ್ರಿಕರು ದೂರದಿಂದ ಬಂದು ಕೈ ಮುಗಿದು ಹೋಗುತ್ತಿದ್ದರು. ಓದುವವರು ಇರಲಿಲ್ಲ. ದರ್ಶನವೇ ಅಧ್ಯಯನವಾಗಿತ್ತು!

1883ರಲ್ಲಿ ಯಾತ್ರೆಗೆಂದು ಬಂದ ಮುಂಬಯಿಯ ಸೇಠ್ ಮಾಣಿಕಚಂದರು ಗರಿಗಳು ಶಿಥಿಲವಾಗುತ್ತಿರುವುದನ್ನು ಕಂಡು ಕಳವಳಗೊಂಡರು. ಸೊಲ್ಲಾಪುರದ ಸೇಠ್ ಹೀರಾಚಂದ ನೇಮಚಂದರೂ ಮುಂದಾದರು. ಹಣ ಕೂಡಿತು, ಮೂಡಬಿದಿರೆಯವರು ಒಪ್ಪಿದರು. ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳೂ ಮೀರಜದ ಗಜಪತಿ ಉಪಾಧ್ಯಾಯರೂ 1896ರಲ್ಲಿ ನಾಗರಿ ಲಿಪಿಗೆ ಪ್ರತಿ ಮಾಡಲು ಕುಳಿತರು. ಸ್ವಲ್ಪ ಕಾಲದಲ್ಲಿಯೇ ಬ್ರಹ್ಮಸೂರಿ ಶಾಸ್ತ್ರಿಗಳು ಸ್ವರ್ಗಸ್ಥರಾದುದರಿಂದ ಭಾರವೆಲ್ಲ ಗಜಪತಿಗಳ ಮೇಲೆ ಬಿತ್ತು. ಕನ್ನಡ ಪ್ರತಿಗಳ ಕೆಲಸವನ್ನು ದೇವರಾಜ ಸೆಟ್ಟಿ, ಶಾಂತಪ್ಪ ಉಪಾಧ್ಯಾಯ, ಬ್ರಹ್ಮಯ್ಯ ಇಂದ್ರ ಮುಂತಾದವರು ಮಾಡಿದರು. ಮಹಾಬಂಧಕ್ಕೆ ಲೋಕನಾಥ ಶಾಸ್ತ್ರಿಗಳು ದುಡಿದರು. 1922ರಲ್ಲಿ ಕೆಲಸ ಮುಗಿಯುವ ಹೊತ್ತಿಗೆ 26 ವರ್ಷಗಳೂ ಸುಮಾರು 20,000 ರೂಪಾಯಿಗಳೂ ಸಂದಿದ್ದವು. ಇಷ್ಟಾದರೂ ಪ್ರತಿಗಳು ಮೂಡಬಿದಿರೆಯನ್ನು ಬಿಟ್ಟು ಹೊರಗೆ ಹೋಗಕೂಡದೆಂಬುದು ಅಲ್ಲಿಯವರ ನಿಲುವಾಗಿತ್ತು.

ಈ ಮಧ್ಯೆ ಬಹಿರಂಗವಾಗದ ಮತ್ತೊಂದು ಕೆಲಸ ನಡೆದಿತ್ತು. ಗಜಪತಿ ಉಪಾಧ್ಯಾಯರು ತಮ್ಮ ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ, ಯಾರಿಗೂ ತಿಳಿಯದಂತೆ, ಕನ್ನಡ ಲಿಪಿಯಲ್ಲಿ ಒಂದು ಪ್ರತಿಯನ್ನು ತಮಗಾಗಿ ಸಿದ್ಧಪಡಿಸಿಕೊಂಡರು. ಹಗಲು ವೇತನಕ್ಕೆ ಬರೆದು ದಣಿದವರ ಮನೆಯಲ್ಲಿ ಅದೇ ಗ್ರಂಥದ ಲಕ್ಷಾಂತರ ಅಕ್ಷರಗಳು ಮತ್ತೊಮ್ಮೆ ಬರೆಯಲ್ಪಟ್ಟವು. ಆ ಪ್ರತಿಯನ್ನು ತೆಗೆದುಕೊಂಡು ಗಜಪತಿಗಳು ಸೊಲ್ಲಾಪುರಕ್ಕೆ ಹೋದರು. ಹೀರಾಚಂದರು ಅದನ್ನು ಕೊಳ್ಳಲಿಲ್ಲ. ಮಾಣಿಕಚಂದರೂ ಕೊಳ್ಳಲಿಲ್ಲ. ಈ ಗ್ರಂಥಗಳು ಲೋಕಕ್ಕೆ ಬರಬೇಕೆಂದು ಹಂಬಲಿಸಿ, ಹಣ ಕೂಡಿಸಿ, ವರ್ಷಗಟ್ಟಲೆ ಕಾದಿದ್ದವರು ಇವರೇ. ಬಾಗಿಲಿಗೇ ಬಂದ ನಿಧಿಯನ್ನು ಅವರು ಹಿಂದಕ್ಕೆ ಕಳುಹಿಸಿದರು. ಕೊನೆಗೆ ಉತ್ತರದ ಸಹಾರನಪುರದಲ್ಲಿ ಲಾಲಾ ಜಂಬೂಪ್ರಸಾದರು ಅದನ್ನು ಕೊಂಡು ತಮ್ಮ ಮಂದಿರದಲ್ಲಿ ಇರಿಸಿಕೊಂಡರು.

ಗಜಪತಿಗಳು ಮಾಡಿದ್ದು ಸರಿಯೋ ತಪ್ಪೋ? ಅಚೌರ್ಯಾಣುವ್ರತದ ದೃಷ್ಟಿಯಿಂದ ಕೊಡದಿದ್ದುದನ್ನು ತೆಗೆದುಕೊಳ್ಳುವುದು ತಪ್ಪು, ಅದು ಶಾಸ್ತ್ರವಾದರೂ ತಪ್ಪು. ಬಚ್ಚಿಟ್ಟು ಮಾಡಿದ್ದರಲ್ಲಿ ಮಾಯೆಯ ಶಲ್ಯವೂ ಇದೆ. ಹಣ ಪಡೆದದ್ದೂ ನಿಜ. ಶಾಸ್ತ್ರವು ಒಂದೇ ಪೆಟ್ಟಿಗೆಯಲ್ಲಿ ಕೊಳೆಯುವುದನ್ನು ನೋಡಲಾರದೆ ಹೀಗೆ ಮಾಡಿದರೆಂದು ಅವರ ಪರವಾಗಿ ವಾದಿಸಬಹುದು, ಆದರೆ ಸೊಲ್ಲಾಪುರದ ಸೇಠರ ನಿರಾಕರಣೆಯ ಮುಂದೆ ಆ ವಾದ ಸ್ವಲ್ಪ ಮಂಕಾಗುತ್ತದೆ. ಸೇಠರ ನಡೆಯೇ ಶ್ರಾವಕೋಚಿತವೆಂದು ಒಪ್ಪಬೇಕು. ಹಾಗೆ ಒಪ್ಪಿದ ಮೇಲೂ ಮುಂದಿನ ಇತಿಹಾಸವನ್ನು ಅಲ್ಲಗಳೆಯಲಾಗದು. ಸಹಾರನಪುರದಲ್ಲಿ ವಿಜಯಚಂದ್ರಯ್ಯ ಮತ್ತು ಸೀತಾರಾಮ ಶಾಸ್ತ್ರಿಗಳು ಆ ಕನ್ನಡ ಪ್ರತಿಯಿಂದ ನಾಗರಿಗೆ ಇಳಿಸಿದರು. ಸೀತಾರಾಮ ಶಾಸ್ತ್ರಿಗಳ ಬಳಿ ಉಳಿದ ಪ್ರತಿಯಿಂದ ಅಮರಾವತಿ, ಆರಾ, ಕಾರಂಜಾ ಮೊದಲಾದ ಕಡೆಗೆ ಪ್ರತಿಗಳು ಹರಡಿದವು. ಅವುಗಳ ಆಧಾರದಿಂದ ಅಮರಾವತಿಯ ಪ್ರಾಧ್ಯಾಪಕ ಹೀರಾಲಾಲ ಜೈನರು 1939ರಲ್ಲಿ ಧವಲದ ಮೊದಲ ಸಂಪುಟವನ್ನು ಪ್ರಕಟಿಸಿದರು. ಮುಂದಿನ ಸುಮಾರು ಎರಡು ದಶಕಗಳಲ್ಲಿ ಹದಿನಾರು ಸಂಪುಟಗಳು ಪೂರ್ಣಗೊಂಡವು. ಇದನ್ನು ನೋಡಲು ಗಜಪತಿಗಳೂ ಇರಲಿಲ್ಲ, ಲಕ್ಷ್ಮೀಬಾಯಿಯವರೂ ಇರಲಿಲ್ಲ.

ಗಜಪತಿಗಳ ಉದ್ದೇಶದ ವಿಷಯದಲ್ಲಿ ವಾದ ಮಾಡಬಹುದು. ಲಕ್ಷ್ಮೀಬಾಯಿಯವರ ವಿಷಯದಲ್ಲಿ ವಾದಕ್ಕೂ ಎಡೆಯಿಲ್ಲ. ಅವರಿಗೆ ವೇತನ ನಿಗದಿಯಾಗಿರಲಿಲ್ಲ, ಪಂಡಿತೆಯೆಂಬ ಬಿರುದಿರಲಿಲ್ಲ. ಮನೆಗೆಲಸದ ನಡುವೆ ಕುಳಿತು ಪ್ರಾಕೃತದ ಸಾಲುಗಳನ್ನು ಕನ್ನಡ ಅಕ್ಷರಗಳಲ್ಲಿ ಇಳಿಸಿದ ಒಬ್ಬ ಗೃಹಿಣಿಯ ಕೈಬರಹದ ಮೂಲಕ ದಿಗಂಬರ ಆಮ್ನಾಯದ ಪರಮಾಗಮವು ಎಂಟು ಶತಮಾನಗಳ ಮೇಲೆ ಮಠದ ಹೊರಗೆ ಬಂತು. ದೇಮಿಯಕ್ಕನೂ ಮಲ್ಲಿಕಬ್ಬೆಯೂ ಬರೆಯಿಸಿದವರು. ಲಕ್ಷ್ಮೀಬಾಯಿ ಬರೆದವರು.

ಬರೆಯುವುದು ಬರಿಯ ಯಾಂತ್ರಿಕ ಕೆಲಸವೆಂದು ತಿಳಿಯುವವರು ಸತ್ಪ್ರರೂಪಣೆಯ 93ನೆಯ ಸೂತ್ರದ ಪ್ರಸಂಗವನ್ನು ಓದಬೇಕು. ಹೊರಗೆ ಹರಡಿದ್ದ ಪ್ರತಿಗಳಲ್ಲಿ ಆ ಸೂತ್ರದ ಒಂದು ಕಡೆ ‘ಸಂಜದ’ ಎಂಬ ಮೂರಕ್ಷರದ ಪದ ಇರಲಿಲ್ಲ. ಪೂರ್ವಾಪರಗಳನ್ನು ನೋಡಿದರೆ ಅದು ಇರಲೇಬೇಕೆಂದು ಸಂಪಾದಕರು ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ಆ ಸೂತ್ರವು ಮನುಷ್ಯಿಣಿಯರ ಗುಣಸ್ಥಾನಗಳನ್ನು ಹೇಳತಕ್ಕದ್ದು. ಸಂಯತ ಗುಣಸ್ಥಾನದ ಮಾತು ಅಲ್ಲಿ ಬಂದರೆ ಸ್ತ್ರೀಮುಕ್ತಿಯ ಹಳೆಯ ಚರ್ಚೆಯೇ ಏಳುವುದರಿಂದ ಪಂಡಿತರಲ್ಲಿ ವರ್ಷಗಳ ಕಾಲ ಕೋಲಾಹಲವಾಯಿತು. ಅಷ್ಟರಲ್ಲಿ ಮೂಡಬಿದಿರೆಯವರೂ ಉದಾರವಾಗಿ ತಾಳೆಗರಿಗಳೊಡನೆ ಪಾಠವನ್ನು ಹೋಲಿಸಿ ಕೊಡಲು ಒಪ್ಪಿದ್ದರು. ಗರಿಯಲ್ಲಿ ಆ ಪದವಿತ್ತು. ಪ್ರತಿಯಿಂದ ಪ್ರತಿಗೆ ಸಾಗುವಾಗ ಎಲ್ಲೋ ಜಾರಿದ ಮೂರಕ್ಷರಗಳು ದೇಶದ ವಿದ್ವಾಂಸರನ್ನೆಲ್ಲ ಕದನಕ್ಕಿಳಿಸಿದ್ದವು. ಹನ್ನೆರಡನೆಯ ಶತಮಾನದ ಲೇಖಕನು ಆ ಪದವನ್ನು ಬಿಡದೆ ಬರೆದಿದ್ದನು. ಅದನ್ನು ಬರೆದ ದಿನ ಅವನನ್ನು ಮೆಚ್ಚಿದವರು ಯಾರೂ ಇದ್ದಿರಲಾರರು. ಬಿಟ್ಟಿದ್ದರೆ ಗದರಿಸುವವರೂ ಇರಲಿಲ್ಲ. ಎಂಟು ನೂರು ವರ್ಷಗಳ ಮೇಲೆ ಒಂದು ವಿವಾದದಲ್ಲಿ ಅವನ ಕೈಬರಹವೇ ಸಾಕ್ಷಿಯಾಗಿ ನಿಂತಿತು.

ಪ್ರತಿ ಮಾಡಿದವರ ಮಾತು ಹೀಗಾದರೆ, ತಾವೇ ರಚಿಸಿದವರ ಮಾತೇನು? ಕನಕಗಿರಿಯ ದೇವಚಂದ್ರನ ಉದಾಹರಣೆ ಸಾಕು. ಚಾಮರಾಜನಗರ ಸೀಮೆಯ ಮಲೆಯೂರಿನ ಈ ಜೈನ ಪಂಡಿತನು 1804ರಲ್ಲಿ ಮೈಸೂರು ದೇಶದ ಭೂಮಾಪನಕ್ಕೆಂದು ಸುತ್ತುತ್ತಿದ್ದ ಮೆಕೆಂಜಿಯನ್ನು ಕಂಡು ಅವನಿಗೆ ಸ್ಥಳದ ವೃತ್ತಾಂತಗಳನ್ನು ತಿಳಿಸಿದನು. ಆ ಆಸಕ್ತಿ ಅವನನ್ನು ಬಿಡಲಿಲ್ಲ. ಕಡೆಗೆ ಮೈಸೂರು ಅರಮನೆಯ ದೇವೀರಮ್ಮಣ್ಣಿಯವರ ಪ್ರೇರಣೆಯಿಂದ, 1838ರಿಂದ 1841ರ ಅವಧಿಯಲ್ಲಿ, ವೃದ್ಧಾಪ್ಯದಲ್ಲಿ, ರಾಜಾವಳಿ ಕಥೆಯನ್ನು ಪೂರೈಸಿದನು. ಐತಿಹ್ಯವೂ ಇತಿಹಾಸವೂ ಬೆರೆತ ಆ ಗ್ರಂಥವನ್ನು ರೈಸ್ ಮೊದಲಾದ ವಿದ್ವಾಂಸರು ಬಳಸಿಕೊಂಡರು, ಅದರ ಕಾಲಗಣನೆಯನ್ನು ಟೀಕಿಸಿದವರೂ ಉಂಟು. ಆದರೆ ಇಡೀ ಗ್ರಂಥವು ಬಿ. ಎಸ್. ಸಣ್ಣಯ್ಯನವರ ಸಂಪಾದನೆಯಲ್ಲಿ ಮೈಸೂರು ವಿಶ್ವವಿದ್ಯಾನಿಲಯದಿಂದ ಅಚ್ಚಾದದ್ದು 1988ರಲ್ಲಿ. ಸುಮಾರು ನೂರೈವತ್ತು ವರ್ಷ ಅದು ಕೈಬರಹವಾಗಿಯೇ ಇತ್ತು. ಇಂದು ಹೊಸದಾಗಿ ಬರೆಯುವವರು ಒಂದೆರಡು ವರ್ಷ ಪ್ರಕಾಶಕರು ಉತ್ತರ ಬರೆಯಲಿಲ್ಲವೆಂದು ಲೇಖನಿ ಕೆಳಗಿಡುವುದನ್ನು ನೋಡಿದಾಗ ದೇವಚಂದ್ರನ ನೆನಪಾಗುತ್ತದೆ.

ಟ್ರಸ್ಟುಗಳಿಗೆ ಸಂಬಂಧಿಸಿದ ಒಂದು ವಿಷಯವನ್ನು ಇಲ್ಲಿ ಹೇಳದೆ ಇರಲಾಗದು. ಬಸದಿಯ ಗೋಡೆಯ ಮೇಲೆ ಫಲಕ ಹಾಕಿಸಿಕೊಳ್ಳದ ದಾನಿಗಳು ಇಂದು ಅಪರೂಪ. ಫ್ಯಾನಿನ ರೆಕ್ಕೆಗಳ ಮೇಲೂ ಹೆಸರುಗಳು ತಿರುಗುತ್ತಿರುತ್ತವೆ. ಆಹಾರ, ಔಷಧ, ಅಭಯ, ಶಾಸ್ತ್ರ ಎಂಬ ನಾಲ್ಕು ದಾನಗಳಲ್ಲಿ ಮೊದಲ ಮೂರಕ್ಕೆ ಹಣ ಹೇಗೋ ಕೂಡುತ್ತದೆ, ನಾಲ್ಕನೆಯದರ ಸರದಿ ಬರುವಾಗ ಚೀಲ ಬರಿದಾಗಿರುತ್ತದೆ. ಶ್ರವಣಬೆಳಗೊಳದ ಪ್ರಾಕೃತ ಅಧ್ಯಯನ ಸಂಸ್ಥೆಯು ಧವಲ ಟೀಕೆಯನ್ನು ಕನ್ನಡಕ್ಕೆ ಅನುವಾದಿಸಿ ಸಂಪುಟಗಳಾಗಿ ಹೊರತರುವ ದೊಡ್ಡ ಕೆಲಸವನ್ನು ಕೈಗೊಂಡಿತು. ಕನ್ನಡ ಲಿಪಿಯಲ್ಲಿ ಉಳಿದು, ನಾಗರಿಗೆ ಹೋಗಿ, ಹಿಂದಿಯಲ್ಲಿ ಮೊದಲು ಅರ್ಥ ಬಿಡಿಸಿಕೊಂಡ ಗ್ರಂಥವು ಹೀಗೆ ಕನ್ನಡಕ್ಕೆ ಮರಳಿತು. ಆ ಸಂಪುಟಗಳನ್ನು ತರಿಸಿಕೊಂಡ ಬಸದಿಗಳು ಎಷ್ಟು, ತರಿಸಿಕೊಂಡು ಬಿಚ್ಚಿ ಓದಿದವರು ಎಷ್ಟು ಎಂಬುದನ್ನು ಆಯಾ ಟ್ರಸ್ಟಿನವರೇ ಹೇಳಬೇಕು.

ಇನ್ನೊಂದು ಕೆಲಸಕ್ಕೆ ಹಣವೂ ಬೇಕಾಗಿಲ್ಲ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಜೈನ ಮನೆಗಳಲ್ಲಿ ಅಜ್ಜಂದಿರು ಬರೆದ ಸ್ತೋತ್ರದ ಪುಸ್ತಕಗಳಿರಬಹುದು, ತಾಯಂದಿರು ನೋಂಪಿಯ ಕಥೆಗಳನ್ನು ಇಳಿಸಿಕೊಂಡ ನೋಟುಪುಸ್ತಕಗಳಿರಬಹುದು, ಅಂಗಡಿಯ ಹಳೆಯ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಬರೆದಿಟ್ಟ ಊರ ಬಸದಿಯ ಸಂಗತಿಗಳಿರಬಹುದು. ಮನೆ ಬದಲಿಸುವಾಗ ಇವು ಹಳೆಯ ಕಾಗದದವನ ತಕ್ಕಡಿಗೆ ಹೋಗುತ್ತವೆ. ಜ್ಯೇಷ್ಠ ಶುದ್ಧ ಪಂಚಮಿಯಂದು ಶಾಸ್ತ್ರಗಳನ್ನು ಹೊರತೆಗೆದು, ಧೂಳು ಕೊಡವಿ, ಬಿಸಿಲು ತೋರಿಸಿ, ಹೊಸ ವಸ್ತ್ರದಲ್ಲಿ ಸುತ್ತಿಡುವ ಪದ್ಧತಿ ಇದ್ದೇ ಇದೆ. (ವಸ್ತ್ರವು ಹತ್ತಿಯದಾಗಿರಲಿ. ಶಿಡ್ಲಘಟ್ಟದಲ್ಲಿ ಇದ್ದವರಿಗೆ ರೇಷ್ಮೆಯ ಎಳೆಯನ್ನು ಹೇಗೆ ಬಿಚ್ಚುತ್ತಾರೆಂದು ವಿವರಿಸಬೇಕಾಗಿಲ್ಲ.) ಅಂದು ಮನೆಮನೆಯ ಕೈಬರಹಗಳನ್ನೂ ಬಸದಿಗೆ ತರಿಸಿ, ಒಂದು ಪಟ್ಟಿಯನ್ನು ಮಾಡಬಹುದು. ಪಟ್ಟಿಯಲ್ಲಿ ಗ್ರಂಥದ ಹೆಸರು, ಪುಟಗಳ ಸಂಖ್ಯೆ, ಬರೆದ ವರ್ಷ ಇವುಗಳಿಗೆ ಒಂದೊಂದು ಅಂಕಣವಿರಲಿ. ಕೊನೆಯ ಅಂಕಣ ಬರೆದವರ ಹೆಸರಿಗೆ. ಅದು ಖಾಲಿಯೇ ಉಳಿಯುವ ಪ್ರಸಂಗ ಬಂದರೆ ಮನೆಯ ಹಿರಿಯರನ್ನು ಕೇಳಿ ತುಂಬಿಸುವುದಕ್ಕೆ ಈಗಲಾದರೂ ಸಮಯವಿದೆ.